ಹೊದಿಕೆಯ ಲಾಂಛನ ನೋಡಿ ತೀರ್ಪು ಕೊಡುವವರಿಗೆ

ಸ್ಟಾರ್ ವಾರ್ಸ್, ಸ್ಟಾರ್ ಟ್ರೆಕ್, ಡಾಕ್ಟರ್ ಹೂ ಎಂಬ ಹೆಸರು ಹೊತ್ತು ಬರುವ ಕಾದಂಬರಿಗಳು ಓದಲು ಯೋಗ್ಯವೇ? ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಓದುಗ ಬಳಗದಲ್ಲಿ ಈ ವಾದ ಹಳೆಯದು. ಬಳಗದಲ್ಲಿ ಕಾಲೇಜು ಹುಡುಗರಿದ್ದಾರೆ, ಇಂಗ್ಲಿಷ್ ಕಲಿಸುವ ಮಾಸ್ತರರಿದ್ದಾರೆ, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ನೌಕರಿ ಮಾಡಿಕೊಂಡು ಹಬ್ಬಕ್ಕೆ ಊರಿಗೆ ಬರುವವರಿದ್ದಾರೆ. ಸಿನಿಮಾದ ಮಟ್ಟಿಗೆ ಇವರೆಲ್ಲ ಕಟ್ಟಾ ಅಭಿಮಾನಿಗಳು. ಅದೇ ಸಿನಿಮಾದ ಹೆಸರಿನ ಕಾದಂಬರಿ ಕೈಗೆ ಕೊಟ್ಟರೆ ಮಾತ್ರ ಮುಖ ಸಿಂಡರಿಸುತ್ತಾರೆ. "ಟೈ-ಇನ್ ಅಂದ ಮೇಲೆ ಮುಗಿಯಿತು, ಕಸ" ಎಂಬುದು ಅವರ ಒಮ್ಮತದ ತೀರ್ಪು. ಈ ಬಳಗದಲ್ಲಿ ನಾನು ಒಂಟಿ.

ವಾದಕ್ಕೆ ಇಳಿಯುವ ಮುನ್ನ ವಸ್ತು ಯಾವುದೆಂದು ಹೇಳಿಬಿಡಬೇಕು. ಸಿನಿಮಾ, ಟಿವಿ ಧಾರಾವಾಹಿ ಅಥವಾ ವಿಡಿಯೋ ಗೇಮಿನ ಲೋಕವನ್ನೂ ಪಾತ್ರಗಳನ್ನೂ ಹಿಡಿದು, ಅದರ ಹಕ್ಕುದಾರರ ಒಪ್ಪಿಗೆಯಿಂದ ಬರೆದದ್ದು ಟೈ-ಇನ್ ಕಾದಂಬರಿ. ಇದರಲ್ಲಿ ಎರಡು ಬಗೆ. ಚಿತ್ರಕಥೆಯನ್ನೇ ಕಾದಂಬರಿಯಾಗಿಸುವುದು ಒಂದು. ಅದೇ ಲೋಕದಲ್ಲಿ ಹೊಸ ಕತೆ ಕಟ್ಟುವುದು ಇನ್ನೊಂದು. ವಿರೋಧಿಗಳು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಎಸೆಯುತ್ತಾರೆ. ಅವರ ಆಕ್ಷೇಪಗಳನ್ನು ತಿರುಚದೆ, ಅವರು ಹೇಳುವಷ್ಟೇ ಜೋರಾಗಿ ಮುಂದಿಟ್ಟು, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಮೊದಲನೆಯ ಆಕ್ಷೇಪ: ಇವು ಪುಸ್ತಕಗಳಲ್ಲ, ಸಿನಿಮಾದ ಜಾಹೀರಾತು

ಕಂಪನಿಗೆ ಸಿನಿಮಾ ಮಾರಬೇಕು. ಅದಕ್ಕೆ ಗೊಂಬೆ, ಟೀ ಶರ್ಟು, ಮಕ್ಕಳ ಊಟದ ಡಬ್ಬಿಯ ಜೊತೆಗೆ ಒಂದು ಕಾದಂಬರಿಯನ್ನೂ ಅಚ್ಚು ಹಾಕಿಸುತ್ತದೆ, ಇಂಥದ್ದಕ್ಕೆ ಸಾಹಿತ್ಯದ ಮಾತೇಕೆ ಎನ್ನುತ್ತಾರೆ.

ಹಣಕ್ಕಾಗಿ ಹುಟ್ಟಿದ್ದು ನಿಜ. ಮೊದಲ ಸ್ಟಾರ್ ವಾರ್ಸ್ ಸಿನಿಮಾ ತೆರೆಗೆ ಬಂದದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ 1976ರ ಕೊನೆಗೇ ಅಂಗಡಿಯಲ್ಲಿತ್ತು. ಹೊದಿಕೆಯ ಮೇಲೆ ಜಾರ್ಜ್ ಲೂಕಾಸ್ ಹೆಸರು. ಬರೆದವರು ಅಲನ್ ಡೀನ್ ಫಾಸ್ಟರ್. 1978ರಲ್ಲಿ ಪ್ರಕಟವಾದ ಫಾಸ್ಟರ್ ಅವರ ಮುಂದಿನ ಕತೆಯ ಹಿಂದೆಯೂ ಲೆಕ್ಕಾಚಾರವಿತ್ತು: ಸಿನಿಮಾ ದೊಡ್ಡ ದುಡ್ಡು ಮಾಡದೇ ಹೋದರೆ ಕಡಿಮೆ ಖರ್ಚಿನಲ್ಲಿ ಚಿತ್ರೀಕರಿಸಬಹುದಾದ ಎರಡನೆಯ ಭಾಗ ಕೈಯಲ್ಲಿರಲಿ ಎಂದು. ಇದಕ್ಕಿಂತ ನೇರವಾದ ವ್ಯಾಪಾರ ಬೇಕೆ?

ಆದರೆ ಯಾರ ದುಡ್ಡಿನಿಂದ ಹುಟ್ಟಿತು ಎಂಬುದು ಕೃತಿಯ ಗುಣವನ್ನು ನಿರ್ಧರಿಸುವುದಾದರೆ, ನಮ್ಮ ನೆಲದ ಅರ್ಧ ಸಾಹಿತ್ಯವನ್ನು ಹೊರಗಿಡಬೇಕಾಗುತ್ತದೆ. ಬಿಲ್ಹಣ ಕಾಶ್ಮೀರದಿಂದ ಬಂದು ಕಲ್ಯಾಣದ ಆಸ್ಥಾನ ಸೇರಿ 'ವಿಕ್ರಮಾಂಕದೇವಚರಿತ' ಬರೆದದ್ದು ತನ್ನ ಒಡೆಯ ಆರನೆಯ ವಿಕ್ರಮಾದಿತ್ಯನನ್ನು ಹೊಗಳಲಿಕ್ಕೆ. ರನ್ನ 'ಗದಾಯುದ್ಧ'ದ ಭೀಮನಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಕಂಡದ್ದೂ ಆಶ್ರಯದಾತನ ಕೀರ್ತಿಗಾಗಿಯೇ. ರನ್ನನನ್ನು ಇಂದು ನಾವು ಸತ್ಯಾಶ್ರಯನ ಪ್ರಚಾರಕ್ಕಾಗಿ ಓದುತ್ತೇವೆಯೇ? ದುರ್ಯೋಧನನ ಕೊನೆಯ ದಿನದ ಸಂಕಟಕ್ಕಾಗಿ ಓದುತ್ತೇವೆ. ಬರೆಸಿದವನ ಉದ್ದೇಶ ಒಂದಿದ್ದರೆ ಬರೆದವನ ಕೈ ಬೇರೆಡೆಗೆ ಹೋಗಿರುತ್ತದೆ. ಹೋಯಿತೋ ಇಲ್ಲವೋ ಎಂಬುದು ಪುಸ್ತಕ ತೆರೆದರೆ ಮಾತ್ರ ಗೊತ್ತಾಗುತ್ತದೆ.

ವ್ಯಾಪಾರದ ಮೇಲೆ ಸಿಟ್ಟಿದ್ದರೆ ಅದಕ್ಕೆ ತಕ್ಕ ಜಾಗವೂ ಇದೆ. ಅದೇ ಫಾಸ್ಟರ್ ಅವರ ಹಳೆಯ ಕಾದಂಬರಿಗಳು ಮಾರಾಟವಾಗುತ್ತಿದ್ದರೂ ಅವರಿಗೆ ಬರಬೇಕಾದ ರಾಯಲ್ಟಿ ಬರುತ್ತಿಲ್ಲವೆಂದು ಅಮೆರಿಕದ ವಿಜ್ಞಾನ ಕಥಾ ಲೇಖಕರ ಸಂಘ 2020ರ ನವೆಂಬರಿನಲ್ಲಿ ಡಿಸ್ನಿ ಕಂಪನಿಯನ್ನು ಬಹಿರಂಗವಾಗಿ ಕೇಳಬೇಕಾಯಿತು. ಲೂಕಾಸ್ ಅವರ ಕಂಪನಿಯನ್ನು ಡಿಸ್ನಿ 2012ರಲ್ಲೇ ಕೊಂಡಿತ್ತು. ಈ ವ್ಯಾಪಾರದಲ್ಲಿ ಪೆಟ್ಟು ತಿಂದವನು ಲೇಖಕ. ಅವನ ಮೇಲೆಯೇ ನಾವೂ ಕಲ್ಲೆಸೆಯುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ: ಸ್ವಂತ ಲೋಕ ಕಟ್ಟಲಾರದವರ ಬರಹ

ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ವಿಜ್ಞಾನ ಕಥೆಯ ಜೀವವೇ ಹೊಸ ಲೋಕದ ಕಲ್ಪನೆ. ಇನ್ನೊಬ್ಬರು ಕಲ್ಪಿಸಿದ ಗ್ರಹ, ನೌಕೆ, ನಾಯಕನನ್ನು ಎತ್ತಿಕೊಂಡ ಮೇಲೆ ಲೇಖಕನಿಗೆ ಉಳಿದದ್ದೇನು ಎಂದು ಕೇಳುತ್ತಾರೆ.

ಬೇರೆ ಊರಿನವರು ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಬಸವಕಲ್ಯಾಣದವರು ಕೇಳಿದಾಗ ಸುಮ್ಮನಿರಲಾಗದು. ಈ ಊರಿನ ಕೀರ್ತಿಯ ದೊಡ್ಡ ಪಾಲು ನಿಂತಿರುವುದೇ ಸಿದ್ಧ ವಸ್ತುವಿನ ಮೇಲೆ ಎದ್ದ ಬರಹಗಳ ಮೇಲೆ.

ವಿಜ್ಞಾನೇಶ್ವರನನ್ನು ತೆಗೆದುಕೊಳ್ಳಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಬರೆದ 'ಮಿತಾಕ್ಷರಾ' ಸ್ವತಂತ್ರ ಗ್ರಂಥವಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ಶ್ಲೋಕಗಳು ಇನ್ನೊಬ್ಬರವು, ಕ್ರಮ ಇನ್ನೊಬ್ಬರದು. ಆ ಚೌಕಟ್ಟಿನೊಳಗೆ ನಿಂತೇ ಆತ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮವನ್ನು ವಾದಿಸಿ ಸ್ಥಾಪಿಸಿದ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಅದರಂತೆ ಹಂಚಿಹೋಯಿತು. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿ ಕಾಯ್ದೆಯಲ್ಲೂ ಮಿತಾಕ್ಷರದ ಹೆಸರಿದೆ. ಇನ್ನೊಬ್ಬರ ಗ್ರಂಥಕ್ಕೆ ಅಂಟಿಕೊಂಡು ಬರೆದದ್ದು ಎರಡನೇ ದರ್ಜೆ ಎಂಬ ಅಳತೆಗೋಲು ಕಲ್ಯಾಣದ ಈ ಒಂದು ಪುಸ್ತಕದ ಮುಂದೆಯೇ ಮುರಿಯುತ್ತದೆ.

ಇನ್ನು ಶರಣರ ಕಲ್ಯಾಣ. ಹರಿಹರ ಬಸವಣ್ಣನವರ ಮೇಲೆ ರಗಳೆ ಬರೆದ. ಪಾಲ್ಕುರಿಕೆ ಸೋಮನಾಥ 13ನೆಯ ಶತಮಾನದಲ್ಲಿ ತೆಲುಗಿನಲ್ಲಿ ಬಸವಪುರಾಣ ರಚಿಸಿದ. ಭೀಮಕವಿ ಅದರ ಜಾಡು ಹಿಡಿದು 1369ರಲ್ಲಿ ಕನ್ನಡದಲ್ಲಿ ಷಟ್ಪದಿಯ ಬಸವಪುರಾಣ ಕೊಟ್ಟ. ಸೋಮನಾಥನ ದ್ವಿಪದಿ ಇರುವಾಗ ಭೀಮಕವಿಯದು ಯಾಕೆ ಬೇಕಿತ್ತು ಎಂದು ಕನ್ನಡಿಗರು ಕೇಳಲಿಲ್ಲ. 15, 16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಬ್ಬರ ನಂತರ ಒಬ್ಬರು ಶೂನ್ಯಸಂಪಾದನೆಯನ್ನು ಕಟ್ಟಿದರು. ವಚನಗಳು ಶರಣರವು. ಆದರೆ ಅಲ್ಲಮ ಬಂದಾಗ ಯಾರು ಮೊದಲು ಮಾತಾಡಬೇಕು, ಅಕ್ಕನ ಮಾತಿಗೆ ಯಾರ ವಚನ ಉತ್ತರವಾಗಬೇಕು, ಎಲ್ಲಿ ಮೌನ ಬರಬೇಕು ಎಂಬ ನಾಟಕೀಯ ವಿನ್ಯಾಸ ಸಂಪಾದನಕಾರರದು. ಇಂದು ನಾವು ಅನುಭವ ಮಂಟಪ ಎಂದಾಗ ಕಣ್ಣಮುಂದೆ ಬರುವ ಸಂವಾದದ ಚಿತ್ರ ಬಹಳ ಮಟ್ಟಿಗೆ ಅವರು ಕಟ್ಟಿಕೊಟ್ಟದ್ದು.

ಶೂನ್ಯಸಂಪಾದನೆಯನ್ನು ಸ್ಟಾರ್ ಟ್ರೆಕ್ ಪಕ್ಕದಲ್ಲಿಡುವುದೇ ಅಪಚಾರ ಎಂದು ಒಬ್ಬ ಮಾಸ್ತರರು ನನ್ನನ್ನು ಗದರಿದ್ದುಂಟು. ಎರಡರ ಬೆಲೆಯನ್ನು ನಾನು ಸರಿಗಟ್ಟುತ್ತಿಲ್ಲ, ಮಾಸ್ತರರೇ. ಒಂದು ಅನುಭಾವದ ಗ್ರಂಥ, ಇನ್ನೊಂದು ಮನರಂಜನೆ. ನಾನು ಹೇಳುತ್ತಿರುವುದು ಬರಹದ ವಿಧಾನದ ಮಾತು. ಸಿದ್ಧ ಲೋಕದಲ್ಲಿ, ಸಿದ್ಧ ಪಾತ್ರಗಳೊಂದಿಗೆ ಬರೆಯುವುದು ಸೃಜನಶೀಲತೆಗೆ ಅಡ್ಡಿ ಎಂಬ ನಿಯಮ ಮಾಡಿದರೆ ಅದು ಕೆಳಗಿನದಕ್ಕೂ ಅನ್ವಯಿಸುತ್ತದೆ, ಮೇಲಿನದಕ್ಕೂ ಅನ್ವಯಿಸುತ್ತದೆ. ಮೇಲಿನದಕ್ಕೆ ಅನ್ವಯಿಸಲು ನಿಮಗೆ ಮನಸ್ಸಿಲ್ಲ ಎಂದಾದರೆ ನಿಯಮವೇ ತಪ್ಪಿರಬೇಕು.

ಮೂರನೆಯ ಆಕ್ಷೇಪ: ಬೇರೆಲ್ಲೂ ನಡೆಯದ ಲೇಖಕರ ಹೊಟ್ಟೆಪಾಡು

ಸ್ವಂತ ಕಾದಂಬರಿ ಓಡದವರು ಇಲ್ಲಿಗೆ ಬಂದು ಸೇರುತ್ತಾರೆ ಎಂಬ ಈ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ, ಹೆಸರುಗಳೇ ಸಾಕು.

ಸ್ಟಾರ್ ಟ್ರೆಕ್ ಕಂತುಗಳನ್ನು 1967ರಿಂದ ಕತೆಗಳಾಗಿ ಬರೆದು, 1970ರಲ್ಲಿ ಅದೇ ಲೋಕದ ಹೊಸ ಕಾದಂಬರಿಯನ್ನೂ ಕೊಟ್ಟ ಜೇಮ್ಸ್ ಬ್ಲಿಷ್ 1959ರಲ್ಲೇ ಹ್ಯೂಗೊ ಪ್ರಶಸ್ತಿ ಪಡೆದವರು. 'ದಿ ಫಾರೆವರ್ ವಾರ್' ಬರೆದು ಹ್ಯೂಗೊ, ನೆಬ್ಯುಲಾ ಎರಡನ್ನೂ ಗೆದ್ದ ಜೋ ಹಾಲ್ಡಮನ್ 1977ರಲ್ಲಿ ಸ್ಟಾರ್ ಟ್ರೆಕ್ ಕಾದಂಬರಿ ಬರೆದರು. 'ಡ್ರೀಮ್‌ಸ್ನೇಕ್' ಕಾದಂಬರಿಗೆ ಅವೇ ಎರಡು ಪ್ರಶಸ್ತಿ ಪಡೆದ ವೊಂಡಾ ಮ್ಯಾಕಿಂಟೈರ್ ಆ ಮನ್ನಣೆಯ ನಂತರವೇ, 1981ರಲ್ಲಿ, ಈ ಕೆಲಸಕ್ಕೆ ಕೈ ಹಾಕಿದರು. ಐಸಾಕ್ ಅಸಿಮೊವ್ 1966ರಲ್ಲಿ 'ಫೆಂಟಾಸ್ಟಿಕ್ ವಾಯೇಜ್' ಸಿನಿಮಾವನ್ನು ಕಾದಂಬರಿಯಾಗಿಸಿದಾಗ ಜಗತ್ತಿನಲ್ಲಿ ಅವರ ಹೆಸರು ಕೇಳದ ವಿಜ್ಞಾನ ಕಥೆಯ ಓದುಗ ಇರಲಿಲ್ಲ. ಇವರೆಲ್ಲ ಸೋತವರಾದರೆ ಗೆದ್ದವರು ಯಾರು ಎಂದು ವಿರೋಧಿಗಳೇ ಹೇಳಲಿ.

ನಾಲ್ಕನೆಯ ಆಕ್ಷೇಪ: ಕೊನೆ ಮೊದಲೇ ಗೊತ್ತು, ನಾಯಕ ಸಾಯುವುದಿಲ್ಲ

ಮುಂದಿನ ಸಿನಿಮಾದಲ್ಲಿ ನಾಯಕ ಬೇಕು. ಆದ್ದರಿಂದ ಕಾದಂಬರಿಯಲ್ಲಿ ಅವನಿಗೆ ಏನೂ ಆಗುವಂತಿಲ್ಲ; ಎಲ್ಲಿಂದ ಎತ್ತಿಕೊಂಡನೋ ಅಲ್ಲಿಗೇ ತಂದು ನಿಲ್ಲಿಸಬೇಕು. ಇಂಥ ಕತೆಯಲ್ಲಿ ಕುತೂಹಲ ಎಲ್ಲಿಂದ ಬರಬೇಕು?

ಈ ಕಟ್ಟು ಇರುವುದು ನಿಜ, ಅದು ಲೇಖಕರ ಕೈ ಕಟ್ಟುವುದೂ ನಿಜ. ಯಾವಾಗಲೂ ಹಾಗೆಯೇ ಇರುವುದಿಲ್ಲ: 1999ರಲ್ಲಿ ಬಂದ ಸ್ಟಾರ್ ವಾರ್ಸ್ ಕಾದಂಬರಿ 'ವೆಕ್ಟರ್ ಪ್ರೈಮ್'ನಲ್ಲಿ ಆರ್. ಎ. ಸಾಲ್ವಟೋರ್ ಸಿನಿಮಾಗಳ ಜನಪ್ರಿಯ ಪಾತ್ರ ಚ್ಯೂಬಾಕಾನನ್ನೇ ಸಾಯಿಸಿದರು, ಅಭಿಮಾನಿಗಳು ಕೂಗಾಡಿದರು. ನಾಯಕ ಸಾಯದಿದ್ದರೆ ಕಸ ಎಂದವರೇ, ಸತ್ತಾಗ ಅನ್ಯಾಯ ಎಂದರು.

ಅದಕ್ಕಿಂತ ಮುಖ್ಯವಾದ ಉತ್ತರ ನಮ್ಮ ಕಾಲ ಬುಡದಲ್ಲಿದೆ. ಕಲ್ಯಾಣದ ಕತೆಯ ಕೊನೆ ಗೊತ್ತಿಲ್ಲದ ಕನ್ನಡಿಗ ಯಾರು? ಹರಳಯ್ಯ, ಮಧುವರಸರ ಮಕ್ಕಳ ಮದುವೆ, ಎಳೆಹೂಟೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆ. ಇಷ್ಟು ಗೊತ್ತಿದ್ದೂ ಬಿ. ಪುಟ್ಟಸ್ವಾಮಯ್ಯ ಈ ವಸ್ತುವಿನ ಮೇಲೆ ಕಾದಂಬರಿ ಮಾಲೆಯನ್ನೇ ಬರೆದರು. ಅದರ 'ಕ್ರಾಂತಿ ಕಲ್ಯಾಣ'ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲಂಕೇಶರು 'ಸಂಕ್ರಾಂತಿ' ಬರೆದರು, ಎಚ್. ಎಸ್. ಶಿವಪ್ರಕಾಶರು 'ಮಹಾಚೈತ್ರ' ಬರೆದರು, ಕಾರ್ನಾಡರು 1990ರಲ್ಲಿ 'ತಲೆದಂಡ' ಬರೆದರು. ನಾಲ್ವರಲ್ಲೂ ಬಿಜ್ಜಳ ಸಾಯುತ್ತಾನೋ ಇಲ್ಲವೋ ಎಂಬ ಕುತೂಹಲಕ್ಕೆ ಜಾಗವಿಲ್ಲ. ಬಿಜ್ಜಳ, ಬಸವಣ್ಣ ಎದುರುಬದುರು ಕೂತಾಗ ಒಬ್ಬೊಬ್ಬ ಲೇಖಕ ಏನು ಕೇಳಿಸಿಕೊಂಡ ಎಂಬುದರಲ್ಲಿ ಕುತೂಹಲವಿದೆ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ವರ್ಷವರ್ಷವೂ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಪುರವಂತರು ಒಡಪು ಹೇಳುತ್ತ ವೀರಾವೇಶದಿಂದ ಕುಣಿಯುವಾಗ ದಕ್ಷನ ಗತಿ ಏನಾಗುವುದೋ ಎಂಬ ಕಾತರ ಯಾರಿಗೂ ಇರುವುದಿಲ್ಲ. ಈ ಪುರವಂತನ ದನಿ ಎಷ್ಟು ಏರಿತು, ಒಡಪು ಎಲ್ಲಿ ಕಟ್ಟಿತು, ಕಳೆದ ವರ್ಷದವನಿಗಿಂತ ಇವನು ಹೇಗೆ ಎಂದೇ ಜನ ನೋಡುತ್ತಾರೆ. ಮ್ಯಾಥ್ಯೂ ಸ್ಟೋವರ್ 2005ರಲ್ಲಿ ಸ್ಟಾರ್ ವಾರ್ಸ್ ಮಾಲೆಯ 'ರಿವೆಂಜ್ ಆಫ್ ದಿ ಸಿತ್' ಸಿನಿಮಾವನ್ನು ಕಾದಂಬರಿಯಾಗಿಸಿದಾಗ ನಾಯಕ ಅನಾಕಿನ್ ಕೊನೆಗೆ ಖಳನಾಯಕ ಡಾರ್ತ್ ವೇಡರ್ ಆಗುತ್ತಾನೆಂದು ಇಡೀ ಜಗತ್ತಿಗೆ ಗೊತ್ತಿತ್ತು. ಸ್ಟೋವರ್ ಅದನ್ನು ಬಚ್ಚಿಡಲು ಹೋಗದೆ, ಬೀಳುವವನ ಮನಸ್ಸಿನೊಳಗೆ ಓದುಗನನ್ನು ಕೂರಿಸಿದರು. ಸಿನಿಮಾದಲ್ಲಿ ಅವಸರವೆನಿಸಿದ ಪತನ ಅಲ್ಲಿ ನಂಬುವಂತಾಯಿತು. ಟೈ-ಇನ್ ಪುಸ್ತಕಗಳನ್ನು ಮೂಸಿಯೂ ನೋಡದ ಹಲವು ಅಭಿಮಾನಿಗಳು ಈ ಒಂದನ್ನು ಮಾತ್ರ ಸಿನಿಮಾಕ್ಕಿಂತ ಮೇಲೆ ಇಡುತ್ತಾರೆ.

ಐದನೆಯ ಆಕ್ಷೇಪ: ಅಧಿಕೃತವಲ್ಲದ್ದನ್ನು ಓದಿ ಫಲವೇನು

ಇದು ನಮ್ಮ ಹುಡುಗರ ಅಚ್ಚುಮೆಚ್ಚಿನ ವಾದ. 2014ರ ಏಪ್ರಿಲಿನಲ್ಲಿ ಲೂಕಾಸ್‌ಫಿಲ್ಮ್ ಕಂಪನಿ ಅದುವರೆಗಿನ ಸ್ಟಾರ್ ವಾರ್ಸ್ ಕಾದಂಬರಿಗಳೆಲ್ಲ ಇನ್ನು 'ದಂತಕಥೆ'ಗಳು, ಹೊಸ ಸಿನಿಮಾಗಳಿಗೆ ಅವುಗಳ ಕಟ್ಟಿಲ್ಲ ಎಂದು ಘೋಷಿಸಿತು. ಒಂದೇ ಪ್ರಕಟಣೆಯಲ್ಲಿ ಹತ್ತಾರು ವರ್ಷಗಳ ಪುಸ್ತಕಗಳು ಲೆಕ್ಕದಿಂದ ಹೊರಗೆ. ನಾಳೆ ಸುಳ್ಳೆನಿಸುವ ಕತೆಯನ್ನು ಇವತ್ತು ಯಾಕೆ ಓದಬೇಕು ಎನ್ನುತ್ತಾರೆ.

ಮೊದಲು ವಾಸ್ತವ ನೋಡೋಣ. ತಿಮೋತಿ ಝಾನ್ 1991ರಲ್ಲಿ 'ಏರ್ ಟು ದಿ ಎಂಪೈರ್' ಬರೆದರು. ಅದು ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸಾಮ್ರಾಜ್ಯದ ರಾಜಧಾನಿ ಗ್ರಹಕ್ಕೆ ಕೊರಸಾಂಟ್ ಎಂಬ ಹೆಸರು ಕೊಟ್ಟವರು ಝಾನ್. 1999ರ ಸಿನಿಮಾ ಅದನ್ನೇ ಬಳಸಿತು. ಅವರು ಸೃಷ್ಟಿಸಿದ ಸೇನಾನಿ ಥ್ರಾನ್‌ನನ್ನು 2014ರಲ್ಲಿ ಹೊರಗೆ ಹಾಕಿದವರೇ 2016ರಲ್ಲಿ ಟಿವಿ ಸರಣಿಗೆ ಕರೆತಂದರು. 2023ರ ಇನ್ನೊಂದು ಸರಣಿಯಲ್ಲಿ ನಟನೊಬ್ಬ ಆ ವೇಷ ಹಾಕಿದ. ಸ್ಟಾರ್ ಟ್ರೆಕ್‌ನ ಸುಲು ಎಂಬ ಪಾತ್ರಕ್ಕೆ ಹಿಕಾರು ಎಂಬ ಮೊದಲ ಹೆಸರು ಕೊಟ್ಟದ್ದು ವೊಂಡಾ ಮ್ಯಾಕಿಂಟೈರ್ ಅವರ 1981ರ ಕಾದಂಬರಿ. ಹತ್ತು ವರ್ಷದ ನಂತರ ಸಿನಿಮಾ ಅದನ್ನು ಒಪ್ಪಿಕೊಂಡಿತು.

ಡಾಕ್ಟರ್ ಹೂ ಕತೆ ಇನ್ನೂ ಸ್ವಾರಸ್ಯದ್ದು. 1989ರಲ್ಲಿ ಬಿಬಿಸಿ ಆ ಧಾರಾವಾಹಿಯನ್ನು ನಿಲ್ಲಿಸಿತು. ಅದರ ಲೋಕವನ್ನು 1991ರಿಂದ 1997ರವರೆಗೆ ಉಸಿರಾಡಿಸಿದ್ದು ಕಾದಂಬರಿ ಮಾಲೆ. ಆ ಮಾಲೆಯಲ್ಲಿ 1996ರಲ್ಲಿ ಒಂದು ಪುಸ್ತಕ ಬರೆದ ರಸೆಲ್ ಟಿ. ಡೇವಿಸ್ ಅವರೇ 2005ರಲ್ಲಿ ಧಾರಾವಾಹಿಗೆ ಮರುಜನ್ಮ ಕೊಟ್ಟರು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ 'ಹ್ಯೂಮನ್ ನೇಚರ್' ಕಾದಂಬರಿ 2007ರಲ್ಲಿ ಅದೇ ಧಾರಾವಾಹಿಯ ಎರಡು ಕಂತುಗಳಾಯಿತು. ಅಧಿಕೃತವಲ್ಲ ಎಂದು ನೀವು ಪಕ್ಕಕ್ಕಿಟ್ಟ ಪುಸ್ತಕದಲ್ಲಿದ್ದ ಕತೆಯನ್ನೇ ಆಮೇಲೆ ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆದಿರಿ.

ಯಾವುದು ಅಧಿಕೃತ ಎಂಬ ಜಗಳವೂ ಹೊಸದೇನಲ್ಲ. ಶೂನ್ಯಸಂಪಾದನೆ ನಾಲ್ಕು ರೂಪ ಪಡೆದದ್ದರ ಹಿಂದೆ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬ ಭಿನ್ನಾಭಿಪ್ರಾಯ ಇತ್ತು. ನಂತರದ ಸಂಪಾದನಕಾರರು ಹಿಂದಿನವರ ನಿಲುವನ್ನು ಒಪ್ಪದೆ ಪ್ರಸಂಗಗಳನ್ನು ತಿದ್ದಿದರು. ಹಾಗೆಂದು ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯನ್ನು ಯಾರೂ ಸುಟ್ಟುಹಾಕಲಿಲ್ಲ. ವಿದ್ವಾಂಸರು ನಾಲ್ಕನ್ನೂ ಇಟ್ಟುಕೊಂಡು ಓದುತ್ತಾರೆ. ಕಟ್ಟುಕತೆಯ ಬೆಲೆಯನ್ನು ಹಕ್ಕುದಾರ ಕಂಪನಿಯ ಸುತ್ತೋಲೆ ನಿರ್ಧರಿಸಬೇಕೆಂದು ಅಭಿಮಾನಿಯೇ ವಾದಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಆರನೆಯ ಆಕ್ಷೇಪ: ಸಿನಿಮಾ ನೋಡಿದ ಮೇಲೆ ಅದರ ಪುಸ್ತಕ ಯಾಕೆ

ಚಿತ್ರಕಥೆಯನ್ನು ಕಾದಂಬರಿ ಮಾಡಿದ ಪುಸ್ತಕಗಳ ಮೇಲೆ ಈ ಬಾಣ. ತೆರೆಯ ಮೇಲೆ ಕಂಡದ್ದನ್ನೇ ಕಾಗದದ ಮೇಲೆ ಓದುವುದು ವ್ಯರ್ಥ ಎನ್ನುತ್ತಾರೆ.

ಎಲ್ಲರಿಗೂ ಎಲ್ಲ ಕಾಲದಲ್ಲೂ ತೆರೆಯ ಮೇಲೆ ಕಾಣಸಿಗುವುದಿಲ್ಲ. 1960, 70ರ ದಶಕಗಳಲ್ಲಿ ಬಿಬಿಸಿ ತನ್ನ ಹಳೆಯ ಟೇಪುಗಳನ್ನು ಅಳಿಸಿಹಾಕಿತು. ಡಾಕ್ಟರ್ ಹೂ ಧಾರಾವಾಹಿಯ 90ಕ್ಕೂ ಹೆಚ್ಚು ಕಂತುಗಳು ಇಂದಿಗೂ ಸಿಕ್ಕಿಲ್ಲ. ಮನೆಯಲ್ಲಿ ವಿಡಿಯೋ ಇಲ್ಲದ ಆ ಕಾಲದಲ್ಲಿ ಹಳೆಯ ಕತೆಗಳನ್ನು ಮಕ್ಕಳಿಗೆ ತಲುಪಿಸಿದ್ದು 1973ರಿಂದ ಬಂದ ಟಾರ್ಗೆಟ್ ಪ್ರಕಾಶನದ ತೆಳ್ಳನೆಯ ಪುಸ್ತಕಗಳು. ಅವುಗಳಲ್ಲಿ 60ಕ್ಕೂ ಹೆಚ್ಚನ್ನು ಟೆರೆನ್ಸ್ ಡಿಕ್ಸ್ ಒಬ್ಬರೇ ಬರೆದರು. ಸರಳ ಭಾಷೆ, ಚುರುಕಾದ ವಾಕ್ಯ, ಅನಗತ್ಯ ವರ್ಣನೆ ಇಲ್ಲ. ಒಂದು ಪೀಳಿಗೆಯ ಬ್ರಿಟಿಷ್ ಮಕ್ಕಳಿಗೆ ಓದಿನ ರುಚಿ ಹತ್ತಿಸಿದವು ಇವು. ನಮ್ಮಲ್ಲಿ ಆ ಕೆಲಸವನ್ನು ಚಂದಮಾಮ ಮಾಡಿತು; ಅದನ್ನು ಯಾರೂ ಕಸ ಎನ್ನಲಿಲ್ಲ.

ಇನ್ನು ತೆರೆಯ ಮೇಲೆ ಬಿದ್ದ ತೂತನ್ನು ಪುಸ್ತಕ ಮುಚ್ಚಿದ ಉದಾಹರಣೆ. 'ಫೆಂಟಾಸ್ಟಿಕ್ ವಾಯೇಜ್'ನಲ್ಲಿ ವಿಜ್ಞಾನಿಗಳ ತಂಡವನ್ನು ಜಲಾಂತರ್ಗಾಮಿಯ ಸಮೇತ ಸೂಕ್ಷ್ಮಗಾತ್ರಕ್ಕೆ ಇಳಿಸಿ ರೋಗಿಯ ರಕ್ತನಾಳದೊಳಗೆ ಬಿಡುತ್ತಾರೆ. ಒಂದು ಗಂಟೆ ಕಳೆದರೆ ಎಲ್ಲವೂ ಮೂಲ ಗಾತ್ರಕ್ಕೆ ಮರಳುತ್ತವೆ. ಸಿನಿಮಾದ ಕೊನೆಯಲ್ಲಿ ತಂಡ ಹೊರಗೆ ಬರುತ್ತದೆ, ಹಾಳಾದ ಹಡಗು ಒಳಗೇ ಉಳಿಯುತ್ತದೆ. ಹಾಗಾದರೆ ಅದು ಬೆಳೆದು ರೋಗಿಯ ತಲೆಯನ್ನೇ ಸೀಳಬೇಕಲ್ಲವೇ? ಅಸಿಮೊವ್ ಇದನ್ನು ಒಪ್ಪಲಿಲ್ಲ. ತಮ್ಮ ಕಾದಂಬರಿಯಲ್ಲಿ, ಹಡಗನ್ನು ನುಂಗಿದ ಬಿಳಿ ರಕ್ತಕಣವನ್ನೇ ಬೆನ್ನಟ್ಟಿಸಿಕೊಂಡು ತಂಡ ಹೊರಬರುವಂತೆ ಮಾಡಿದರು. ವಿಜ್ಞಾನ ಬಲ್ಲ ಲೇಖಕ ಸಿನಿಮಾದವರ ಪಾಠ ತಿದ್ದಿದ ಪರಿ ಇದು. ಅವರ ಕಾದಂಬರಿ ಸಿನಿಮಾಕ್ಕಿಂತ ಮೊದಲೇ ಅಚ್ಚಾಗಿದ್ದರಿಂದ, ಸಿನಿಮಾವೇ ಪುಸ್ತಕದಿಂದ ಬಂದದ್ದು ಎಂದು ಎಷ್ಟೋ ಜನ ನಂಬಿದ್ದರು.

ಆರ್ಥರ್ ಕ್ಲಾರ್ಕ್ ಅವರ '2001: ಎ ಸ್ಪೇಸ್ ಒಡಿಸ್ಸಿ'ಯನ್ನೂ ಮರೆಯುವಂತಿಲ್ಲ. 1968ರ ಆ ಕಾದಂಬರಿ, ಕುಬ್ರಿಕ್ ಅವರ ಸಿನಿಮಾ ಎರಡೂ ಜೊತೆಜೊತೆಯಾಗಿ ಬೆಳೆದವು. ಸಿನಿಮಾದ ನೌಕೆ ಗುರು ಗ್ರಹಕ್ಕೆ ಹೋದರೆ ಪುಸ್ತಕದ್ದು ಶನಿಗೆ ಹೋಗುತ್ತದೆ. ಸಿನಿಮಾದ ಕೊನೆ ಅರ್ಥವಾಗದೆ ತಲೆ ಕೆರೆದುಕೊಂಡವರು ಪುಸ್ತಕ ಓದಿ ನೆಮ್ಮದಿ ಪಟ್ಟರು. ಇದನ್ನು ಟೈ-ಇನ್ ಎಂದರೆ ನಮ್ಮ ಬಳಗದವರು ಒಪ್ಪುವುದಿಲ್ಲ, "ಅದು ಕ್ಲಾರ್ಕ್ ಬರೆದದ್ದು, ಬೇರೆ ಮಾತು" ಎನ್ನುತ್ತಾರೆ. ಚೆನ್ನಾಗಿದ್ದದ್ದನ್ನೆಲ್ಲ ಪಟ್ಟಿಯಿಂದ ತೆಗೆದು, ಉಳಿದದ್ದನ್ನು ತೋರಿಸಿ ಪಟ್ಟಿಯೇ ಕೆಟ್ಟದ್ದು ಎನ್ನುವುದು ಯಾವ ಊರಿನ ಲೆಕ್ಕ?

ಏಳನೆಯ ಆಕ್ಷೇಪ: ಏನೇ ಹೇಳಿ, ಬರವಣಿಗೆ ಕಳಪೆ

ಬಹುಪಾಲು ಕಳಪೆ, ಒಪ್ಪಿದೆ. ಗಡುವಿಗೆ ಬರೆದವು, ಚಿತ್ರಕಥೆಯ ಸಂಭಾಷಣೆಯ ನಡುವೆ "ಅವನು ಹೇಳಿದನು, ಇವಳು ನಕ್ಕಳು" ಎಂದು ತುಂಬಿಸಿ ಮುಗಿಸಿದವು ಬೇಕಾದಷ್ಟಿವೆ. ಆದರೆ ಥಿಯೋಡೋರ್ ಸ್ಟರ್ಜನ್ ಎಂಬ ಅಮೆರಿಕದ ಲೇಖಕರ ಮಾತು ಪ್ರಸಿದ್ಧವಾಗಿದೆ: ವಿಜ್ಞಾನ ಕಥೆಯಲ್ಲಿ ನೂರಕ್ಕೆ 90 ಪಾಲು ಕಸ ಎಂದವರಿಗೆ ಅವರು, ಯಾವುದರಲ್ಲಿ ತಾನೇ ನೂರಕ್ಕೆ 90 ಪಾಲು ಕಸವಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆ ಸ್ಟರ್ಜನ್ ಸ್ವತಃ ಸ್ಟಾರ್ ಟ್ರೆಕ್ ಕಂತುಗಳಿಗೆ ಚಿತ್ರಕಥೆ ಬರೆದವರು, 1961ರಲ್ಲಿ ಒಂದು ಸಿನಿಮಾವನ್ನು ಕಾದಂಬರಿಯಾಗಿಸಿದವರು. ಒಂದು ಕಾಲದಲ್ಲಿ ಪಂಡಿತರು ಇಡೀ ವಿಜ್ಞಾನ ಕಥೆಯನ್ನು ಯಾವ ಮಾತಿನಿಂದ ಬದಿಗೆ ತಳ್ಳಿದರೋ, ಅದೇ ಮಾತನ್ನು ವಿಜ್ಞಾನ ಕಥೆಯ ಅಭಿಮಾನಿಗಳು ಈಗ ಟೈ-ಇನ್ ಮೇಲೆ ಪ್ರಯೋಗಿಸುತ್ತಿದ್ದಾರೆ.

ನನ್ನ ತಕರಾರು ಇನ್ನೊಂದಿದೆ. ಗುಣಮಟ್ಟದ ಬಗ್ಗೆ ಅಭಿಮಾನಿಗಳು ಆಡುವ ಮಾತಿನಲ್ಲಿ ಗುಣಮಟ್ಟದ ಮಾತೇ ಇರುವುದಿಲ್ಲ. ಒಬ್ಬನಿಗೆ ಪುಸ್ತಕ ಚೆನ್ನಾಗಿದೆ, ಯಾಕೆಂದರೆ ಅವನ ನೆಚ್ಚಿನ ಪಾತ್ರ ಬಂದಿದೆ. ಇನ್ನೊಬ್ಬನಿಗೆ ಕೆಟ್ಟದ್ದು, ಯಾಕೆಂದರೆ ನೌಕೆಯ ವೇಗ ಸಿನಿಮಾದಲ್ಲಿ ಹೇಳಿದ್ದಕ್ಕೆ ತಾಳೆಯಾಗುವುದಿಲ್ಲ. ಎಲ್ಲವನ್ನೂ ತೆಗಳುವವರ ಜೊತೆಗೆ, ಲಾಂಛನ ಇದ್ದದ್ದನ್ನೆಲ್ಲ ಹೊಗಳುವವರೂ ಈ ತಪ್ಪಿನಲ್ಲಿ ಪಾಲುದಾರರು. ಇಬ್ಬರೂ ಪುಸ್ತಕ ಬಿಟ್ಟು ಹೊದಿಕೆ ಓದುತ್ತಾರೆ.

ಟೈ-ಇನ್ ಕಾದಂಬರಿಯನ್ನು ನಾನು ಅಳೆಯುವುದು ಮೂರು ಪ್ರಶ್ನೆಗಳಿಂದ. ಕ್ಯಾಮೆರಾಕ್ಕೆ ಕಾಣದ್ದನ್ನು, ಅಂದರೆ ಪಾತ್ರದ ಒಳಗಿನ ಮಾತನ್ನು, ಅದು ಕೇಳಿಸಿದೆಯೇ? ಸಿನಿಮಾ ನೋಡದ ಓದುಗನೂ ಕತೆಯನ್ನು ಹಿಡಿದುಕೊಂಡು ಹೋಗಬಲ್ಲನೇ? ಆ ಲೋಕಕ್ಕೆ ಹೊಸತೊಂದನ್ನು ಸೇರಿಸಿದೆಯೇ? ಜಾನ್ ಎಂ. ಫೋರ್ಡ್ 1984ರಲ್ಲಿ ಬರೆದ ಸ್ಟಾರ್ ಟ್ರೆಕ್ ಕಾದಂಬರಿ 'ದಿ ಫೈನಲ್ ರಿಫ್ಲೆಕ್ಷನ್' ಮೂರಕ್ಕೂ ಹೌದು ಎನ್ನುತ್ತದೆ. ತೆರೆಯ ಮೇಲೆ ಬರೀ ಶತ್ರುಗಳಾಗಿದ್ದ ಕ್ಲಿಂಗಾನರನ್ನು ಅವರ ಕಣ್ಣಿನಿಂದಲೇ ತೋರಿಸಿ, ಅವರಿಗೂ ಆಟ, ಮರ್ಯಾದೆ, ಮನೆತನ, ರಾಜಕೀಯ ಇದೆ ಎಂದು ಅದು ಹೇಳಿತು. ಮೂರಕ್ಕೂ ಇಲ್ಲ ಎನ್ನುವ ಪುಸ್ತಕಗಳನ್ನು ನಾನೂ ನಿಮ್ಮ ಜೊತೆ ಸೇರಿ ಬೈಯುತ್ತೇನೆ. ಹೆಸರಿಟ್ಟು, ಪುಟ ತೋರಿಸಿ ಬೈಯೋಣ.

ಎಂಟನೆಯ ಆಕ್ಷೇಪ: ನಮ್ಮ ಕಡೆಯವರಿಗೆ ಇದರ ಗೊಡವೆ ಯಾಕೆ

ಕಲ್ಯಾಣ ಕರ್ನಾಟಕದ ಹುಡುಗರು ಅಮೆರಿಕದ ಆಕಾಶನೌಕೆಯ ಕತೆ ಓದಿ ಏನು ಸಾಧಿಸಬೇಕು ಎಂಬುದು ಹಿರಿಯರ ಕೊನೆಯ ಮಾತು.

ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದದ್ದು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇಲ್ಲಿ ಅಕ್ಕಪಕ್ಕದ ಮನೆಯ ಭಾಷೆಗಳು. ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಒಂದೇ ಭಾಷೆಗೆ ಅಂಟಿಕೊಳ್ಳದೆ ಪದಗಳನ್ನು ಹಾಡಿದರು. ಉರ್ದು ಓದುವ ಮನೆಗಳಿಗೆ ಹಂಚಿಕೊಂಡ ಲೋಕದ ಅದ್ಭುತ ಕತೆ ಹೊಸದಲ್ಲ. ಅಮೀರ್ ಹಮ್ಜಾನ ದಾಸ್ತಾನಿನಿಂದ ಕವಲೊಡೆದ 'ತಿಲಿಸ್ಮ್-ಎ-ಹೋಶ್‌ರುಬಾ' 1883ರಿಂದ ಲಖನೌದ ನವಲ್ ಕಿಶೋರ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಮೊದಲ ಸಂಪುಟಗಳನ್ನು ಮುಹಮ್ಮದ್ ಹುಸೇನ್ ಜಾಹ್ ಬರೆದರೆ ಮುಂದಿನವನ್ನು ಅಹ್ಮದ್ ಹುಸೇನ್ ಕಮರ್ ಬರೆದರು. ಇಬ್ನೆ ಸಫಿ 1955ರಲ್ಲಿ ಶುರು ಮಾಡಿದ ಇಮ್ರಾನ್ ಸೀರೀಜ್ ಎಂಬ ಪತ್ತೇದಾರಿ ಮಾಲೆಯನ್ನು ಮಜಹರ್ ಕಲೀಮ್ ಮೊದಲಾದವರು ತಮ್ಮ ಕಾದಂಬರಿಗಳಲ್ಲಿ ಮುಂದುವರಿಸಿದರು. ಅಸಲು ಇಮ್ರಾನ್ ಯಾವುದು, ನಕಲು ಯಾವುದು, ಯಾರ ಕೈಯಲ್ಲಿ ಅವನು ಹೆಚ್ಚು ಜೀವಂತ ಎಂಬ ಚರ್ಚೆ ಉರ್ದು ಓದುಗರಲ್ಲಿ ಹಿಂದಿನಿಂದಲೂ ಇದೆ. ಒಂದು ಲೋಕದಲ್ಲಿ ಹಲವರು ಬರೆಯುವುದು, ಓದುಗರು ಅವರನ್ನು ಹೋಲಿಸಿ ನೋಡುವುದು ಈ ಸೀಮೆಗೆ ಪರಕೀಯವೇನಲ್ಲ.

ಕನ್ನಡಕ್ಕೆ ಇದರಿಂದ ಪ್ರಯೋಜನವಿಲ್ಲ ಎಂದೂ ಹೇಳಬೇಡಿ. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟರೂ ಆ ದಾರಿಯಲ್ಲಿ ನಡೆಯುವವರು ಇಂದಿಗೂ ಕಡಿಮೆ. ಸಿನಿಮಾದಿಂದ ಪುಸ್ತಕಕ್ಕೆ ಬರುವ ಹಾದಿಯನ್ನು ತೆಲುಗಿನವರು ಕಂಡುಕೊಂಡಿದ್ದಾರೆ: 'ಬಾಹುಬಲಿ'ಯ ಯಶಸ್ಸಿನ ಬೆನ್ನಿಗೆ ಆನಂದ್ ನೀಲಕಂಠನ್ 2017ರಿಂದ ಶಿವಗಾಮಿಯ ಪೂರ್ವಕಥೆಯನ್ನು ಇಂಗ್ಲಿಷಿನಲ್ಲಿ ಮೂರು ಕಾದಂಬರಿಗಳಾಗಿ ಬರೆದರು. ತೆರೆಯ ಮೇಲೆ ಗತ್ತಿನಿಂದ ಓಡಾಡಿದ ರಾಜಮಾತೆಗೆ ಅಲ್ಲಿ ಬಾಲ್ಯ ಬಂತು, ಸೇಡು ಬಂತು, ಸಂಶಯ ಬಂತು. ಕನ್ನಡ ಸಿನಿಮಾ ಈಗ ದೊಡ್ಡ ದೊಡ್ಡ ಕಾಲ್ಪನಿಕ ಲೋಕಗಳನ್ನು ಕಟ್ಟುತ್ತಿದೆ. ಆ ಲೋಕಗಳನ್ನು ಹಿಡಿದು ಕನ್ನಡದಲ್ಲೇ ಒಳ್ಳೆಯ ಕಾದಂಬರಿ ಬರೆಸುವ ಧೈರ್ಯ ನಮ್ಮ ಪ್ರಕಾಶಕರಿಗೆ ಬರಬೇಕು. ಬರೆಯುವವರಿಗೆ ಹೊದಿಕೆಯ ಮೇಲೆ ಹೆಸರು, ಕೈಗೆ ನ್ಯಾಯವಾದ ರಾಯಲ್ಟಿ ಎರಡೂ ಸಿಗಬೇಕು. ಅಂಥ ಪುಸ್ತಕ ಬಂದ ದಿನ "ಟೈ-ಇನ್, ಕಸ" ಎಂದು ಮೊದಲೇ ತೀರ್ಪು ಬರೆದಿಟ್ಟುಕೊಂಡ ಓದುಗರು ಎದುರಿಗಿದ್ದರೆ ಯಾವ ಪ್ರಕಾಶಕನೂ ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ಎಂಟೂ ಆಕ್ಷೇಪಗಳಲ್ಲಿ ಅರ್ಧ ಸತ್ಯಗಳಿವೆ. ವ್ಯಾಪಾರ ಇದೆ, ಕಟ್ಟುಪಾಡು ಇದೆ, ಕಳಪೆ ಸರಕು ರಾಶಿ ಇದೆ. ಇವು ಎಚ್ಚರದಿಂದ ಆರಿಸಿಕೊಳ್ಳಲು ಕಾರಣಗಳು. ಇಡೀ ಪ್ರಕಾರವನ್ನು ತಿರಸ್ಕರಿಸಲು ಸಾಲುವುದಿಲ್ಲ. ಸಿದ್ಧ ಲೋಕದಲ್ಲಿ ಬರೆದದ್ದೆಂಬ ಕಾರಣಕ್ಕೆ ಕೃತಿಯೊಂದು ಕೀಳಾಗುವುದಿಲ್ಲ, ಆ ಕಾರಣಕ್ಕೆ ಮೇಲೂ ಆಗುವುದಿಲ್ಲ. ಬೇರೆ ಯಾರಾದರೂ ಇದನ್ನು ಮರೆತರೆ ಮರೆಯಲಿ, ಮಿತಾಕ್ಷರಾ ಬರೆದ ಊರಿನವರು ಮರೆಯಬಾರದು. ಬಳಗದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ: ಸ್ಟೋವರ್, ಫೋರ್ಡ್, ಕಾರ್ನೆಲ್ ಈ ಮೂವರಲ್ಲಿ ಯಾರದಾದರೂ ಒಂದು ಪುಸ್ತಕ ತರಿಸಿ, ಮೊದಲ 50 ಪುಟ ಓದಿ. ಆಮೇಲೂ ಕಸ ಎನಿಸಿದರೆ ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ಎಂದು ತೋರಿಸಿ. ಆ ವಾದಕ್ಕೆ ನಾನು ಸಿದ್ಧ.